ವಾಪಸ್ ಅಕ್ಕ ಮತ್ತು ಏಳನೆಯ ಮೆಟ್ಟಿಲು

ಬೆಳಗಿನ ಐದೂವರೆ. ಹಾಲು ಕಾಯಲಿಟ್ಟು ಬಂದು, ಪಕ್ಕದ ಕೋಣೆಯ ಹಳೆಯ ಕಂಪ್ಯೂಟರಿನ ಮುಂದೆ ಆಕೆ ಗೋಡೆ ಸವರುತ್ತಿದ್ದಾರೆ. ಗೋಡೆ ಇರುವುದು ಪರದೆಯ ಮೇಲೆ. ಕಣ್ಣಾಮುಚ್ಚಾಲೆಯ ಕಂಪ್ಯೂಟರ್ ಆಟವೊಂದಕ್ಕೆ ಯಾರೋ ಕಟ್ಟಿ ಕಳಿಸಿದ ಎರಡಂತಸ್ತಿನ ಮನೆ ಅದು. ತಮ್ಮ ಗೊಂಬೆಯ ಎಡ ಭುಜವನ್ನು ಗೋಡೆಗೊತ್ತಿ ಮೂಲೆಮೂಲೆಗೂ ನಡೆಸುತ್ತಾರೆ. ಬಿರುಕಿದ್ದರೆ ಗೊಂಬೆ ಆಚೆ ಬೀಳಬೇಕು. ಎಲ್ಲೂ ಬೀಳುವುದಿಲ್ಲ. ಆದರೆ ಏಳನೆಯ ಮೆಟ್ಟಿಲಿನಲ್ಲಿ ಮತ್ತೆ ಎಡವುತ್ತದೆ.

ಅಷ್ಟರಲ್ಲಿ ಹಾಲು ಉಕ್ಕುತ್ತದೆ.

"ಊರವರ ಮನೇಲೆಲ್ಲ ತಪ್ಪು ಹುಡುಕ್ತಾಳೆ, ಒಲೆ ಮೇಲಿನ ಹಾಲು ಕಾಣಲ್ಲ," ಎಂದು ನಲ್ಲಿ ರಿಪೇರಿ ಮಾಡುವ ಗಂಡ ಗೊಣಗುತ್ತಾರೆ.

"ನಮ್ಮ ನಲ್ಲಿ ಎರಡು ತಿಂಗಳಿಂದ ಅಳ್ತಿದೆ. ಅದನ್ನ ಮೊದಲು ಸಮಾಧಾನ ಮಾಡಿ," ಎಂದು ಈಕೆ ತಿರುಗಿಯೂ ನೋಡದೆ ಹೇಳುತ್ತಾರೆ.

ಆಟದವರು ಇಂಥ ಮನೆ, ಬೀದಿಗಳನ್ನು 'ನಕ್ಷೆ' ಎನ್ನುತ್ತಾರೆ. ಕಟ್ಟುವವರಿಗೂ ಸಂಬಳವಿಲ್ಲ, ಪರೀಕ್ಷಿಸುವವರಿಗೂ ಇಲ್ಲ. ಹಗಲೆಲ್ಲ ಉಡುಪು ಕಾರ್ಖಾನೆಯಲ್ಲಿ ಅಂಗಿಗಳ ಹೊಲಿಗೆ ಪರೀಕ್ಷಿಸುವ ಐವತ್ತೊಂದರ ಈ ಮಹಿಳೆ ನಾಲ್ಕು ವರ್ಷಗಳಲ್ಲಿ 612 ನಕ್ಷೆ ನೋಡಿದ್ದಾರೆ. 397ನ್ನು ತಿದ್ದಲು ಹಿಂದಿರುಗಿಸಿದ್ದಾರೆ. ಅದಕ್ಕೇ ಅಲ್ಲಿ 'ವಾಪಸ್ ಅಕ್ಕ' ಎಂಬ ಹೆಸರು.

"ಮಗಳು ಮದುವೆಯಾಗಿ ಹೋಗುವಾಗ ಕಂಪ್ಯೂಟರ್ ಬಿಟ್ಟುಹೋದ್ಲು. ಆಟದಲ್ಲಿ ಮೊದಲನೇ ಹೆಜ್ಜೆ ಇಟ್ಟೆ, ನೆಲದೊಳಗೆ ಬಿದ್ದೆ. ನೆಲಾನೇ ಇರ್ಲಿಲ್ಲ, ಬರೀ ಬಣ್ಣ. ಆಟದವರಿಗೆ ಬೈದು ಬರೆದೆ. ಹಾಗಾದ್ರೆ ಇನ್ಮೇಲೆ ನೀವೇ ನೋಡಿಕೊಡಿ ಅಂದ್ಬಿಟ್ರು."

ನಕ್ಷೆ ಪರೀಕ್ಷೆಯ ಇಪ್ಪತ್ತೇಳು ನಿಯಮಗಳು ಆಕೆಗೆ ಬಾಯಿಪಾಠ. ಹನ್ನೊಂದನೆಯದು: ಮೆಟ್ಟಿಲುಗಳೆಲ್ಲ ಒಂದೇ ಎತ್ತರವಿರಬೇಕು. ಈ ಮನೆ ಅದಕ್ಕಾಗಿಯೇ ಎರಡು ಸಲ ವಾಪಸ್ಸಾಗಿದೆ. ಮೂರನೆಯ ಸಲ ಏನನ್ನೂ ಮುಟ್ಟದೆ, ಕಟ್ಟಿದವರು ಒಂದು ಸಾಲು ಸೇರಿಸಿ ಕಳಿಸಿದ್ದಾರೆ: 'ಇದು ನಮ್ಮಪ್ಪ ಕಟ್ಟಿದ ಮೆಟ್ಟಿಲು. ಏಳನೆಯದು ಹಾಗೇ ಇತ್ತು.' ಮೂರು ಸಲ ವಾಪಸ್ಸಾದ ನಕ್ಷೆ ಸರದಿಯಿಂದಲೇ ಹೊರಬೀಳುತ್ತದೆ. ಎಂಟು ತಿಂಗಳ ದುಡಿಮೆ ನೀರುಪಾಲು. ತೀರ್ಪು ಕೊಡಲು ಇವತ್ತೇ ಕೊನೆಯ ದಿನ.

"ಸರಿ ಅಂದ್ರೆ, ನಾಳೆ ಇನ್ನೊಬ್ರು ಸೊಟ್ಟ ಬಾಗಿಲಿಟ್ಟು ನಮ್ಮಜ್ಜನದು ಅಂತಾರೆ. ತಪ್ಪು ಅಂದ್ರೆ, ಸತ್ತವರ ಕೆಲಸಕ್ಕೆ ನಾನ್ಯಾರು ಹೆಸರಿಡೋಕೆ? ಕಾರ್ಖಾನೇಲಿ ಅಳತೆಪಟ್ಟಿ ಇಟ್ರೆ ಮುಗೀತು. ಇಲ್ಲಿ ಏನಿಡ್ಲಿ?"

ಒಂಬತ್ತು ದಿನದಿಂದ ಇದೇ ಅಡಕತ್ತರಿ. ಸತ್ತವರು ಎಂದು ಆ ಸಾಲಿನಲ್ಲಿ ಬರೆದೇ ಇಲ್ಲವಲ್ಲ ಎಂಬುದೂ ಈಗಷ್ಟೇ ಹೊಳೆದು, ಗೊಂದಲ ಇನ್ನೊಂದು ಸುತ್ತು ಬಿಗಿಯುತ್ತದೆ. ಕೊನೆಗೆ ಚೀಲದಿಂದ ಅಳತೆಪಟ್ಟಿ ತೆಗೆದು, ತಾವಿರುವ ಕಟ್ಟಡದ ಮೆಟ್ಟಿಲಿಗೇ ಹೋಗಿ ಕೂರುತ್ತಾರೆ. ಒಂದು, ಎರಡು, ಮೂರು ಎಂದು ಅಳೆಯುತ್ತಾ ಇಳಿಯುತ್ತಾರೆ. ಕೆಳಗಿನಿಂದ ಐದನೆಯದು ಉಳಿದವುಗಳಿಗಿಂತ ಹೆಬ್ಬೆರಳಿನಷ್ಟು ಎತ್ತರ. ನಂಬಿಕೆಯಾಗದೆ ಮತ್ತೆ ಅಳೆಯುತ್ತಾರೆ.

"ಹತ್ತೊಂಬತ್ತು ವರ್ಷ ಹತ್ತಿಳಿದಿದೀನಿ. ಒಂದಿನಾನೂ ಎಡವಿಲ್ವಲ್ಲ."

"ಹೊಸಬರು ಎಡವ್ತಾರೆ. ಬಂದ ಹೊಸದರಲ್ಲಿ ನೀನೂ ಎಡವಿದ್ದೆ, ಕೊಡಪಾನದ ಸಮೇತ," ಎನ್ನುತ್ತಾರೆ ಬಾಗಿಲಲ್ಲಿ ನಿಂತ ಗಂಡ.

"ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ರೆ ತಾನೆ."

ಕಾರ್ಖಾನೆಯ ಬಸ್ಸು ಬರಲು ಹತ್ತು ನಿಮಿಷವಿದೆ. ಮತ್ತೆ ಒಳಬಂದು 'ಒಪ್ಪಿದೆ' ಎಂದು ಒತ್ತುತ್ತಾರೆ. ಕೆಳಗೆ ಬರೆಯುತ್ತಾರೆ: 'ಹನ್ನೊಂದನೆಯ ನಿಯಮ ಮೀರಿದ್ದೇನೆ, ಗೊತ್ತಿದ್ದೇ ಮೀರಿದ್ದೇನೆ. ತಪ್ಪೆನಿಸಿದರೆ ನನ್ನನ್ನು ಕೇಳಿ, ಕಟ್ಟಿದವರನ್ನಲ್ಲ.' ಕಳಿಸಿದ ಮೇಲೂ ತಕ್ಷಣ ಕುರ್ಚಿ ಬಿಟ್ಟು ಏಳುವುದಿಲ್ಲ.

"ಸರಿ ಮಾಡಿದ್ನಾ ಅಂತ ಈಗಲೂ ಗೊತ್ತಿಲ್ಲ," ಎನ್ನುತ್ತಾರೆ, ಚಪ್ಪಲಿ ಹುಡುಕುತ್ತಾ. "ಆಡೋರು ಆ ಮನೇಲಿ ಮೊದಲನೇ ಸಲ ಎಡವಲಿ, ನನ್ನ ಬೈಕೊಳ್ಳಲಿ. ಎರಡನೇ ಸಲ ಅವರಾಗೇ ಕಾಲು ಎತ್ತಿಟ್ರೆ, ಅಷ್ಟು ಸಾಕು ನನಗೆ."