ಬಂಡೆ ಬಡಿದು ನೋಡುವವರು

ಹಗ್ಗ ತುಂಡಾಗಬಹುದಿತ್ತು. ಬಂಡೆಗೆ ಹೊಡೆದ ಬೋಲ್ಟ್ ಕಿತ್ತುಕೊಂಡು ಬರಬಹುದಿತ್ತು. ಹೆಜ್ಜೇನು ಏಳಬಹುದಿತ್ತು. ಮೇಲಿಂದ ಕಲ್ಲು ಉರುಳಬಹುದಿತ್ತು. ಕೆಳಗೆ ಲಂಟಾನದ ಪೊದೆಯಲ್ಲಿ ಕೊಳಕುಮಂಡಲ ಮಲಗಿರಬಹುದಿತ್ತು. ಹಗ್ಗ ಹಿಡಿದವರಿಗೆ ಸರಿಯಾಗಿ ಆ ಹೊತ್ತಿಗೇ ಸೀನು ಬರಬಹುದಿತ್ತು. (ನಗಬೇಡಿ. ಸೀನುವಾಗ ಕಣ್ಣು ಮುಚ್ಚುತ್ತೆ, ಕೈ ಸಡಿಲ ಆಗುತ್ತೆ. ನಾನು ಯೋಚನೆ ಮಾಡಿದ್ದೀನಿ.) ಚಿರತೆ ಬರಬಹುದಿತ್ತು. ಚಿರತೆ ಬರದಿದ್ದರೂ ಚಿರತೆ ಬಂತು ಅಂತ ಯಾರೋ ವಾಟ್ಸಾಪ್ ಮಾಡಿ, ಎಲ್ಲರೂ ಓಡಿ, ಆ ಗಡಿಬಿಡಿಯಲ್ಲಿ ಹಗ್ಗ ಕೈಬಿಡಬಹುದಿತ್ತು.

ಇಷ್ಟನ್ನೂ ನಾನು ಕಳೆದ ಭಾನುವಾರ ಬೆಳಿಗ್ಗೆ ಆಲ್ಕೊಳದ ನಮ್ಮ ಮನೆಯಿಂದ ಸ್ಕೂಟರ್‌ನಲ್ಲಿ ಹೊರಟು ಭದ್ರಾವತಿ ಮುಟ್ಟುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಒಂದೂ ಆಗಲಿಲ್ಲ. ಆಗಿದ್ದು ಬೇರೆಯೇ ಒಂದು, ತೀರಾ ಸಣ್ಣದು. ಅದನ್ನು ಕೊನೆಗೆ ಹೇಳ್ತೀನಿ. ಈಗಲೇ ಹೇಳಿದರೆ ಮುಂದಿನ ಮಾತು ಯಾವುದನ್ನೂ ನೀವು ಗಂಭೀರವಾಗಿ ತಗೊಳ್ಳೋದಿಲ್ಲ.

ವಿಷಯ ಇಷ್ಟೆ. ನನ್ನ ಹೆಂಡತಿ ವೀಣಾ ಬಂಡೆ ಹತ್ತುತ್ತಾಳೆ.

ವಯಸ್ಸು ನಲವತ್ತೇಳು. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ದಸರಾ ರಜೆಯಲ್ಲಿ ಯಾರೋ ಸಹೋದ್ಯೋಗಿ ಜೊತೆ "ಸುಮ್ನೆ ನೋಡ್ಕೊಂಡು ಬರ್ತೀನಿ" ಅಂತ ಹೋದವಳು ಮೊಣಕೈ ತರಚಿಕೊಂಡು, ಮುಖ ತುಂಬಾ ಬೆಳಕು ತುಂಬಿಕೊಂಡು ವಾಪಸ್ ಬಂದಳು. ಅವತ್ತಿನಿಂದ ಪ್ರತಿ ಭಾನುವಾರ ಭದ್ರಾವತಿಯ ಜನ್ನಾಪುರಕ್ಕೆ ಬಸ್ಸು, ಅಲ್ಲಿಂದ ರೇಷ್ಮಾ ಎಂಬ ಲ್ಯಾಬ್ ಟೆಕ್ನಿಷಿಯನ್ ಹುಡುಗಿಯ ಬೈಕು, ಆಮೇಲೆ ಬಂಡೆ. (ಬಂಡೆ ಇರುವ ಹಳ್ಳಿಯ ಹೆಸರು ಬರೆಯಬಾರದು ಅಂತ ನನಗೆ ಕಟ್ಟಪ್ಪಣೆಯಾಗಿದೆ. ರೀಲ್ಸ್‌ನವರು ಬಾಟಲಿ ಹಿಡಿದುಕೊಂಡು ಬರ್ತಾರಂತೆ. ಭದ್ರಾವತಿಯಿಂದ ದೂರವೇನಿಲ್ಲ, ಅಷ್ಟು ಹೇಳಬಲ್ಲೆ.)

ಅವಳು ಹೋದಷ್ಟು ಹೊತ್ತೂ ನಾನು ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಜಗತ್ತಿನ ಯಾವ ಯಾವ ಬಂಡೆಯಿಂದ ಯಾರು ಯಾರು ಬಿದ್ದರು ಅಂತ ಓದುತ್ತಿದ್ದೆ. ಅವಳು ಬಂದು ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಳು. ಬಂಡೆ ಹತ್ತಿದವಳಿಗೆ ನಿದ್ದೆ, ಮನೆಯಲ್ಲಿ ಕೂತವನಿಗೆ ಮೈಕೈ ನೋವು. ಇದು ಯಾವ ನ್ಯಾಯ?

ಇದನ್ನು ನಿಲ್ಲಿಸಬೇಕು ಅಂತ ತೀರ್ಮಾನ ಮಾಡಿದೆ. ಅವಳಿಗೆ ಹೇಳಿ ಪ್ರಯೋಜನ ಇಲ್ಲ ಅನ್ನೋದು ಇಪ್ಪತ್ತೆರಡು ವರ್ಷದ ಅನುಭವ. ಹಾಗಾಗಿ ಅಲ್ಲಿ ಹಗ್ಗ, ಬೋಲ್ಟ್ ಎಲ್ಲ ನೋಡಿಕೊಳ್ಳುವ ತಂಗರಾಜ್ ಅನ್ನುವವರಿಗೇ ಹೇಳೋದು: "ನೋಡಿ ಸಾರ್, ಇವಳಿಗೆ ಮಂಡಿ ನೋವಿದೆ, ನೀವೇ ನಯವಾಗಿ ಬೇಡ ಅನ್ನಿ." ಭಾನುವಾರ ನಾನೂ ಬರ್ತೀನಿ ಅಂದೆ.

"ಹತ್ತೋಕಾ?" ಅಂದಳು.

"ನೋಡೋಕೆ."

"ಬನ್ನಿ. ಈ ವಾರ ಓವರ್‌ಟೈಮ್ ಮುಗಿಸ್ತೀನಿ. ಸಾಕ್ಷಿ ಇರಲಿ."

ಓವರ್‌ಟೈಮ್ ಅಂದರೆ ಬಂಡೆ ಮೇಲಿನ ಒಂದು ದಾರಿ. ಯಾರು ಆ ದಾರಿಯನ್ನು ಮೊದಲು ಶುಚಿ ಮಾಡಿ ಬೋಲ್ಟ್ ಹೊಡೆಯುತ್ತಾರೋ ಹೆಸರಿಡುವ ಹಕ್ಕು ಅವರದ್ದಂತೆ. ತಂಗರಾಜ್ ಮೂವತ್ತು ವರ್ಷ ಭದ್ರಾವತಿಯ ಕಾರ್ಖಾನೆಯ ಮೇಂಟೆನೆನ್ಸ್‌ನಲ್ಲಿ ಫಿಟ್ಟರ್ ಆಗಿದ್ದವರು. ಆದ್ದರಿಂದ ಆ ಬಂಡೆಯ ದಾರಿಗಳೆಲ್ಲ ಸೈರನ್, ಸೆಕೆಂಡ್ ಶಿಫ್ಟ್, ಗೇಟ್ ಪಾಸ್, ಓವರ್‌ಟೈಮ್. ಈ ಓವರ್‌ಟೈಮ್ ಎಂಬುದು ವೀಣಾಳನ್ನು ಹತ್ತು ವಾರದಿಂದ ಸತಾಯಿಸುತ್ತಿತ್ತು. ಮುಕ್ಕಾಲು ಹತ್ತುತ್ತಾಳೆ, ಒಂದು ಉಬ್ಬಿನ ಹತ್ತಿರ ಜಾರುತ್ತಾಳೆ. ರಾತ್ರಿ ಚಪಾತಿ ಲಟ್ಟಿಸುವಾಗಲೂ ಎಡಗಾಲು ಎತ್ತಿ ಅದನ್ನೇ ಅಭ್ಯಾಸ ಮಾಡುತ್ತಾಳೆ.

ಏಳೂವರೆಗೆ ತಲುಪಿದೆವು. ಬಂಡೆ ಇನ್ನೂ ಐವತ್ತು ಹೆಜ್ಜೆ ದೂರ ಇರುವಾಗಲೇ ರೇಷ್ಮಾ ಅಡ್ಡ ಬಂದು ಒಂದು ಕಿತ್ತಳೆ ಬಣ್ಣದ ಹೆಲ್ಮೆಟ್ ಚಾಚಿದಳು. ಅದರ ಮೇಲೆ ಬಿಳಿ ಬಣ್ಣದಲ್ಲಿ ಏಳು ಅಂತ ನಂಬರ್.

"ನಾನು ಹತ್ತಲ್ಲಮ್ಮ" ಅಂದೆ.

"ಬೀಳೋ ಕಲ್ಲಿಗೆ ಅದು ಗೊತ್ತಾಗಲ್ಲ ಸಾರ್."

ಹಾಕಿಕೊಂಡೆ. ಅವಳು ಒಂದು ನೋಟ್‌ಬುಕ್ಕಿನಲ್ಲಿ "7: ವೀಣಾ ಮೇಡಂ ಯಜಮಾನರು" ಅಂತ ಬರೆದುಕೊಂಡಳು. ಹಗ್ಗ ಎಷ್ಟು, ಕೊಕ್ಕೆ ಎಷ್ಟು, ಯಾವ ಹಗ್ಗ ಎಷ್ಟು ಸಲ ಜಗ್ಗಿದೆ, ಎಲ್ಲ ಅದರಲ್ಲಿದೆ. ಸಂಜೆ ಎಲ್ಲವೂ ಲೆಕ್ಕಕ್ಕೆ ಸಿಗುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ ಅಂತಲೂ ಹೇಳಿದಳು. (ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.)

ತಂಗರಾಜ್ ಎಲ್ಲಿ ಅಂತ ಕೇಳಿದರೆ ಮೇಲೆ ಕೈ ತೋರಿಸಿದಳು. ನಾಲ್ಕು ಮಹಡಿ ಎತ್ತರದಲ್ಲಿ, ನೆರೆತ ಮೀಸೆಯ ಒಬ್ಬ ಮನುಷ್ಯ ಹಗ್ಗಕ್ಕೆ ನೇತಾಡಿಕೊಂಡು ಸಣ್ಣ ಸುತ್ತಿಗೆಯಿಂದ ಬಂಡೆಗೆ ಬಡಿಯುತ್ತಿದ್ದರು. ಬಡಿಯೋದು, ಕಿವಿ ಕೊಡೋದು. ಒಂದು ಗೇಣು ಸರಿಯೋದು, ಮತ್ತೆ ಬಡಿಯೋದು. ನಾವು ಹಲಸಿನಹಣ್ಣು ತಟ್ಟಿ ನೋಡ್ತೀವಲ್ಲ, ಹಾಗೆ.

"ಆರು ಗಂಟೆಯಿಂದ ಹೀಗೇ ಮಾಡ್ತಿದಾರೆ" ಅಂದಳು ರೇಷ್ಮಾ. "ಪ್ರತಿ ವಾರ. ಅವರು ಆಯ್ತು ಅನ್ನೋವರೆಗೂ ಯಾರೂ ಬಂಡೆ ಮುಟ್ಟೋ ಹಾಗಿಲ್ಲ."

ಕೆಳಗಿಳಿದ ಮೇಲೆ ನನ್ನ ಪಟ್ಟಿ ಬಿಚ್ಚಿದೆ. ಬೋಲ್ಟ್ ಕಿತ್ತು ಬಂದರೆ?

"ಅದಕ್ಕೇ ಬಡಿಯೋದು ಸಾರ್. ಗಟ್ಟಿ ಇದ್ರೆ ಟಣ್ ಅನ್ನುತ್ತೆ. ಒಳಗೆ ಟೊಳ್ಳಿದ್ರೆ ಡಬ್ ಅನ್ನುತ್ತೆ. ಮೂವತ್ತು ವರ್ಷ ಮೆಷಿನ್ ಸದ್ದು ಕೇಳಿದ ಕಿವಿ ಇದು. ನನ್ನ ಹೆಂಡತಿ ಮಾತು ಕೇಳ್ಸಲ್ಲ, ಇದು ಕೇಳ್ಸುತ್ತೆ."

ಹೆಜ್ಜೇನು?

"ಪೂರ್ವದ ಕಡೆ ಕಟ್ಟಿದೆ. ಆ ಕಡೆ ನಾಲ್ಕು ದಾರಿ ಬಂದ್ ಮಾಡಿದೀವಿ. ಅವು ಹೋಗೋವರೆಗೂ ನಾವು ಹೋಗಲ್ಲ. ಅವು ನಮಗಿಂತ ಮುಂಚೆ ಬಂದವು ಅಲ್ವಾ?"

ಹಾವು? ಬಂಡೆಯ ಬುಡದ ಪೊದೆ ಸವರಿಯಾಗಿತ್ತು. ಕಲ್ಲು ಉರುಳಿದರೆ? ಸಡಿಲ ಕಲ್ಲನ್ನೆಲ್ಲ ಮೊದಲ ವರ್ಷವೇ ಇಳಿಸಿ, ಅದರಿಂದಲೇ ಹಿಂದುಗಡೆ ಮೆಟ್ಟಿಲು ಕಟ್ಟಿದ್ದರು. ಕಡೆಗೆ ಸಂಕೋಚಪಡುತ್ತಲೇ ಸೀನಿನ ವಿಷಯ ಕೇಳಿದೆ.

ಅವರು ನಗಲಿಲ್ಲ. "ನಾನೂ ಅದು ಯೋಚನೆ ಮಾಡಿದ್ದೆ ಸಾರ್. ಅದಕ್ಕೇ ಕೈ ಬಿಟ್ರೂ ಹಗ್ಗ ಹಿಡ್ಕೊಳ್ಳೋ ಅಂಥ ಕೊಕ್ಕೆನೇ ತರಿಸಿದೀವಿ."

ಜೀವಮಾನದಲ್ಲಿ ಮೊದಲ ಸಲ ನನಗಿಂತ ದೊಡ್ಡ ಚಿಂತಕನನ್ನು ಕಂಡಿದ್ದೆ. ವ್ಯತ್ಯಾಸ ಒಂದೇ. ಅವರ ಕೈಯಲ್ಲಿ ಸ್ಪ್ಯಾನರ್ ಇತ್ತು. ನನ್ನ ಚಿಂತೆಯಿಂದ ಇವತ್ತಿನವರೆಗೆ ಒಂದು ನಟ್ಟೂ ಬಿಗಿಯಾಗಿಲ್ಲ.

ಮಂಡಿ ನೋವಿನ ಮಾತು ತೆಗೆಯುವಷ್ಟರಲ್ಲಿ ಅವರು ಮತ್ತೆ ಹಿಂದಿನ ಮೆಟ್ಟಿಲು ಹತ್ತಿ ಓವರ್‌ಟೈಮ್‌ನ ತಲೆಯ ಹತ್ತಿರ ಹೋಗಿದ್ದರು. ಅಲ್ಲಿ ಎರಡು ಬೋಲ್ಟ್ ಇವೆ. ಹತ್ತುವವರ ಹಗ್ಗ ಆ ಎರಡರಿಂದಲೇ ಇಳಿದು ಬರೋದು. ಮೊದಲನೆಯದಕ್ಕೆ ಬಡಿದರು. ಟಣ್. ಎರಡನೆಯದಕ್ಕೆ ಬಡಿದರು. ಕಿವಿ ಹತ್ತಿರ ತಂದರು. ಮತ್ತೆ ಬಡಿದರು. ಆಮೇಲೆ ಆ ಬೋಲ್ಟಿಗೆ ತಮಿಳಿನಲ್ಲಿ ಏನೋ ಬೈದು, ಕೆಂಪು ಬಟ್ಟೆ ಕಟ್ಟಿ ಇಳಿದು ಬಂದರು.

ವೀಣಾ ಅಷ್ಟು ಹೊತ್ತಿಗೆ ಬೆರಳಿಗೆಲ್ಲ ಟೇಪ್ ಸುತ್ತಿಕೊಂಡು ಸಜ್ಜಾಗಿದ್ದಳು.

"ಇವತ್ತು ಓವರ್‌ಟೈಮ್ ಇಲ್ಲ ಮೇಡಂ."

"ಯಾಕಣ್ಣ?"

"ಒಂದು ಬೋಲ್ಟ್ ಸರಿ ಇಲ್ಲ."

"ಇನ್ನೊಂದಿದೆಯಲ್ಲ. ಅದೊಂದೇ ಸಾಕು ಅಂತ ನೀವೇ ಹೇಳಿದ್ರಿ."

"ಸಾಕು. ಲಾರಿ ಕಟ್ಟಿದ್ರೂ ಹಿಡಿಯುತ್ತೆ. ಆದ್ರೆ ಎರಡು ಹಾಕಿದ್ದು ಒಂದನ್ನು ನಂಬೋಕಲ್ಲ ಮೇಡಂ."

ನೋಡಿ, ನಾನು ಇಪ್ಪತ್ತೈದು ಕಿಲೋಮೀಟರ್ ಬಂದಿದ್ದು ಇದೇ ಮಾತಿಗೆ. ನಾನು ಬಾಯಿ ಬಿಡುವ ಮೊದಲೇ ಕೆಲಸ ಆಗಿಹೋಗಿತ್ತು. ಕುಣಿಯಬೇಕಿತ್ತು ತಾನೆ?

ವೀಣಾ ಒಂದು ಕಲ್ಲಿನ ಮೇಲೆ ಕೂತು, ಒಂದೊಂದೇ ಬೆರಳಿನ ಟೇಪ್ ಬಿಚ್ಚತೊಡಗಿದಳು. ತೋರುಬೆರಳು. ನಡುಬೆರಳು. ಪರೀಕ್ಷೆಗೆ ಓದಿಕೊಂಡು ಬಂದು, ಪೇಪರ್ ಪೋಸ್ಟ್‌ಪೋನ್ ಆದ ಹುಡುಗಿಯ ಮುಖ. ಇಪ್ಪತ್ತೆರಡು ವರ್ಷದಲ್ಲಿ ಅವಳು ಏನನ್ನಾದರೂ ಇಷ್ಟು ಆಸೆಪಟ್ಟಿದ್ದನ್ನು ನಾನು ಗಮನಿಸಿದ್ದೆನೇ?

"ಇವತ್ತೇ ಸರಿ ಮಾಡೋಕಾಗಲ್ವಾ ತಂಗರಾಜ್?" ಅಂತ ಯಾರೋ ಕೇಳಿದರು. ತಿರುಗಿ ನೋಡಿದರೆ ಯಾರೂ ಇಲ್ಲ. ನಾನೇ.

ತಂಗರಾಜ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆಗುತ್ತೆ. ಹೊಸ ತೂತು ಕೊರೀಬೇಕು. ಡ್ರಿಲ್ಲು, ಬ್ಯಾಟರಿ ಮೇಲೆ ಹೊರೋಕೆ ಒಬ್ಬರು ಬೇಕು."

ಹೊತ್ತೆ. ಹಿಂದಿನ ಮೆಟ್ಟಿಲಿನಲ್ಲಿ, ಏದುಸಿರು ಬಿಡುತ್ತಾ. ನೂರಾರು ಮೆಟ್ಟಿಲು, ಒಂದೂ ಅಲ್ಲಾಡಲಿಲ್ಲ. ನಮ್ಮ ಬೀದಿಯ ಚರಂಡಿ ಚಪ್ಪಡಿ ಇಷ್ಟು ಭದ್ರವಾಗಿದ್ದಿದ್ದರೆ ಅಂದುಕೊಂಡೆ. ಮೇಲೆ ನನ್ನ ಸೊಂಟಕ್ಕೂ ಹಗ್ಗ ಕಟ್ಟಿದರು. ಅಂಚಿನಿಂದ ಹತ್ತು ಅಡಿ ಹಿಂದೆ ಕೂರಿಸಿದರು. ತಂಗರಾಜ್ ಹಳೇ ತೂತಿನಿಂದ ಗೇಣು ದೂರದಲ್ಲಿ ಜಾಗ ಹುಡುಕಿದರು. ಹುಡುಕಿದರು ಅಂದರೆ ಹೆಣ್ಣು ಹುಡುಕಿದ ಹಾಗೆ: ಇಲ್ಲಿ ಬಡಿದು ಬೇಡ ಅಂದರು, ಅಲ್ಲಿ ಬಡಿದು ತಲೆ ಆಡಿಸಿದರು, ಮತ್ತೊಂದು ಕಡೆ ಬಡಿದು ನನ್ನ ಕಡೆ ನೋಡಿದರು.

"ಕೇಳಿ ಸಾರ್."

"ಟಣ್" ಅಂದೆ.

"ಪಾಸ್."

ಕೊರೆದರು. ತೂತಿನ ಒಳಗಿನ ಪುಡಿಯನ್ನು ಸೈಕಲ್ ಪಂಪಿನಿಂದ ಊದುವ ಕೆಲಸ ನನ್ನದು. ಊದಿದೆ. ಬ್ರಷ್ ಹಾಕಿ ತಿಕ್ಕಿದರು. ಮತ್ತೆ ಊದಿ ಅಂದರು. ಮೂರು ಸಲ. ಸಾಕಲ್ವಾ ಅಂದರೆ, "ಪುಡಿ ಉಳಿದ್ರೆ ಬೋಲ್ಟು ಕೂತ ಹಾಗೆ ನಾಟಕ ಮಾಡುತ್ತೆ ಸಾರ್" ಅಂದರು. ಬೋಲ್ಟ್ ಕೂತಿತು. ಬಿಗಿದರು. ತೆಗೆದ ಹಳೇ ಬೋಲ್ಟನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

"ಅದು ಯಾಕೆ?"

"ಯಾಕೆ ಸಡಿಲ ಆಯ್ತು ಅಂತ ಗೊತ್ತಾಗಬೇಕಲ್ಲ. ಅಲ್ಲಿವರೆಗೂ ನಿದ್ದೆ ಬರಲ್ಲ."

ನನ್ನ ಜಾತಿಯವರೇ, ಸಂಶಯವಿಲ್ಲ. ಆಮೇಲೆ ಹಗ್ಗ ಕಟ್ಟಿ ಮೊದಲು ತಾವೇ ನೇತಾಡಿದರು. ಕುಪ್ಪಳಿಸಿ ಕುಪ್ಪಳಿಸಿ ಜಗ್ಗಿದರು. ಅರವತ್ತೆರಡರ ಮನುಷ್ಯ. ಆಮೇಲಷ್ಟೇ ಕೆಂಪು ಬಟ್ಟೆ ಬಿಚ್ಚಿದರು.

ನಾವು ಕೆಳಗಿಳಿದ ಮೇಲೆ, ಹನ್ನೊಂದು ಗಂಟೆಗೆ ವೀಣಾ ಹತ್ತಿದಳು. ರೇಷ್ಮಾ ಹಗ್ಗ ಹಿಡಿದಳು. ಆ ಉಬ್ಬಿನ ಹತ್ತಿರ ಒಮ್ಮೆ ಜಾರಿ ಹಗ್ಗದಲ್ಲಿ ತೂಗಾಡಿದಳು. ಇಳಿದು ಮತ್ತೆ ಶುರು ಮಾಡಿದಳು. ಈ ಸಲ ಎಡಗಾಲು ಎತ್ತಿದಳು, ಚಪಾತಿ ಲಟ್ಟಿಸುವಾಗ ಎತ್ತುತ್ತಿದ್ದ ಹಾಗೆಯೇ, ಮತ್ತು ಉಬ್ಬು ದಾಟಿಬಿಟ್ಟಳು. ಅಲ್ಲಿಂದ ಮುಂದೆ ನಾನು ಅವಳನ್ನು ನೋಡಲಿಲ್ಲ. ಮೇಲಿನ ಬೋಲ್ಟನ್ನೇ ನೋಡುತ್ತಿದ್ದೆ. ಅದರ ತೂತು ನಾನು ಊದಿದ್ದು.

"ಕಣ್ಣು ಮುಚ್ಕೊಂಡಿದ್ರಾ?" ಅಂದಳು ಇಳಿದು ಬಂದವಳು.

"ಇಲ್ಲ ಮಾರಾಯ್ತಿ. ಒಂದನ್ನು ಅಷ್ಟೆ."

ರೇಷ್ಮಾಳನ್ನು ಕೇಳಿದೆ, ನೀವೆಲ್ಲ ಇದನ್ನು ಯಾಕೆ ಮಾಡ್ತೀರಿ? ಸಂಬಳ ಇಲ್ಲ, ಬೋರ್ಡ್ ಇಲ್ಲ, ರಜೆ ದಿನ ಬೇರೆ. ಅವಳು ಹಗ್ಗ ಸುತ್ತುತ್ತಲೇ ಹೇಳಿದಳು: "ನಾನು ಬಾದಾಮಿಯಲ್ಲಿ ಕಲಿತಿದ್ದು ಸಾರ್. ಅಲ್ಲಿ ನಾನು ಹತ್ತಿದ ಬಂಡೆನ ಯಾರೋ ಬಡಿದು ನೋಡಿರ್ತಾರಲ್ಲ. ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ."

ಏನೂ ಆಗದ ದಿನ ಒಂದನ್ನು ನಮಗೆ ಕೊಡಲು ಯಾರೋ ಬೆಳಗಿನ ಜಾವ ಎದ್ದು ಹೋಗಿರುತ್ತಾರೆ. ಪಾರ್ಕಿನ ಜೋಕಾಲಿಯ ಸರಪಳಿ, ಕಾಲುಸೇತುವೆಯ ಹಲಗೆ, ಲಿಫ್ಟಿನ ತಂತಿ. ಕಿತ್ತು ಬಂದರೆ ಹೆಸರು ಹಿಡಿದು ಬೈತೀವಿ. ಕಿತ್ತು ಬರದಿದ್ದರೆ ಅವರ ಹೆಸರೇ ಗೊತ್ತಿರೋದಿಲ್ಲ.

ನಿಜ ಹೇಳಬೇಕೆಂದರೆ ಹನ್ನೆರಡು ಗಂಟೆಗೆ ನನ್ನಲ್ಲಿ ಚಿಂತೆ ಪೂರ್ತಿ ಖಾಲಿಯಾಗಿತ್ತು. ಅಭ್ಯಾಸವಿಲ್ಲದ ಸ್ಥಿತಿ. ಹಾಗಾಗಿಯೋ ಏನೋ, ಥಟ್ಟನೆ ನೆನಪಾಯಿತು: ಬೆಳಿಗ್ಗೆ ಕಾಫಿ ಕಾಯಿಸಿದ ಮೇಲೆ ಗ್ಯಾಸ್ ಆಫ್ ಮಾಡಿದ್ದೆನಾ?

"ಮಾಡಿದೀರಿ" ಅಂದಳು ವೀಣಾ. ನನಗೆ ನಂಬಿಕೆ ಬರಲಿಲ್ಲ. ಅವಳು ರೇಷ್ಮಾ ಬೈಕು, ಬಸ್ಸು ಹಿಡಿದು ಬರ್ತೀನಿ ಅಂದಳು. ನಾನು ಸ್ಕೂಟರ್ ಹತ್ತಿ ಓಡಿದೆ. ಜನ್ನಾಪುರದಲ್ಲಿ ಜನ ನನ್ನನ್ನೇ ನೋಡಿದರು. ಆಲ್ಕೊಳ ಸರ್ಕಲ್‌ನಲ್ಲಿ ಟ್ರಾಫಿಕ್ ಪೊಲೀಸರು ತಮ್ಮ ತಲೆ ಮುಟ್ಟಿ ತೋರಿಸಿ ನಕ್ಕರು. ಹೆಲ್ಮೆಟ್ ಹಾಕಿದ್ದಕ್ಕೆ ಮೆಚ್ಚಿಕೊಂಡರು ಅಂತ ನಾನೂ ನಕ್ಕೆ. ಮನೆಗೆ ನುಗ್ಗಿ ಹೆಲ್ಮೆಟ್ ತೆಗೆದು ಚಪ್ಪಲಿ ಸ್ಟ್ಯಾಂಡ್ ಮೇಲೆ ಎಸೆದು ಅಡುಗೆಮನೆಗೆ ಓಡಿದೆ. ಗ್ಯಾಸ್ ಆಫ್ ಆಗಿತ್ತು. ಹಿಂದಿನಿಂದ ಏನೋ ಬಿದ್ದ ಸದ್ದಾಯಿತು. ಆಮೇಲೆ ನೀರು ಕುಡಿದೆ, ಊಟ ಮಾಡಿದೆ, ಮಲಗಿದೆ.

ಎದ್ದಾಗ ಮೊಬೈಲ್‌ನಲ್ಲಿ ಹದಿನೈದು ಮಿಸ್ಡ್ ಕಾಲ್. ಫೋನ್ ಮಾಡಿದೆ.

"ಮನೆಯಲ್ಲಿ ಕಿತ್ತಳೆ ಬಣ್ಣದ್ದು ಏನಾದ್ರೂ ಇದೆಯಾ ನೋಡಿ ಮಾರಾಯ್ರೆ" ಅಂದಳು ವೀಣಾ. ತೀರಾ ಶಾಂತ ದನಿ.

ನೋಟ್‌ಬುಕ್ಕಿನ ಲೆಕ್ಕದಲ್ಲಿ ಒಂದು ಹೆಲ್ಮೆಟ್ ಕಡಿಮೆ ಬಂದಿತ್ತು. ಎರಡು ಗಂಟೆ ಕಾಲ ಅವರೆಲ್ಲ ಕೋಲು ಹಿಡಿದು ಲಂಟಾನ ಪೊದೆ ಜಾಲಾಡಿದ್ದರು. ನಾನು ಮೇಲೆ ಬಿಟ್ಟಿರಬಹುದು ಅಂತ ತಂಗರಾಜ್ ಆ ಬಿಸಿಲಲ್ಲಿ ಇನ್ನೊಮ್ಮೆ ಮೆಟ್ಟಿಲು ಹತ್ತಿ ಬಂದಿದ್ದರು. ಫೋನ್ ಅವರ ಕೈಗೆ ಹೋಯಿತು.

"ಪರವಾಗಿಲ್ಲ ಸಾರ್, ಸಿಕ್ತಲ್ಲ. ಒಂದೇ ಮಾತು. ಅದು ಎಲ್ಲಾದ್ರೂ ಬಿತ್ತಾ?"

ಸ್ಟ್ಯಾಂಡಿನ ಕೆಳಗೆ ಅಂಗಾತ ಬಿದ್ದಿತ್ತು. ಎತ್ತಿ ನೋಡಿದೆ, ಒಂದು ಗೀರೂ ಇಲ್ಲ. ಇಲ್ಲ ಅನ್ನಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಂದಿನ ಭಾನುವಾರ ಅದು ಯಾರ ತಲೆ ಮೇಲಿರುತ್ತೆ?

"ಬಿತ್ತು" ಅಂದೆ. "ಮೂರಡಿ ಅಷ್ಟೆ."

"ಒಳಗೆ ಬಿರುಕು ಬಿಟ್ಟಿದ್ರೆ ಕಣ್ಣಿಗೆ ಕಾಣಲ್ಲ ಸಾರ್. ಏಳನೇ ನಂಬರ್ ಲೆಕ್ಕದಿಂದ ಹೊಡೆದು ಹಾಕ್ತೀನಿ."

"ಹೊಸದು ನಾನು ತರ್ತೀನಿ."

"ಭಾನುವಾರ ನೀವೇ ತಂದುಕೊಡಿ. ಬ್ಯಾಟರಿ ಹೊರೋಕೆ ಜನ ಬೇಕು."

ಹೀಗೆ, ಅಷ್ಟೆತ್ತರದ ಬಂಡೆಯ ಮೇಲೆ ಅಷ್ಟು ಜನ ಅಷ್ಟು ಹೊತ್ತು ನೇತಾಡಿದ ಆ ದಿನ ಬಿದ್ದು ಕೆಟ್ಟಿದ್ದು ಒಂದೇ ಒಂದು: ಹೆಲ್ಮೆಟ್ ನಂಬರ್ ಏಳು, ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡ್ ಮೇಲಿಂದ.