ನಾಲ್ಕೂವರೆ ಕಚೇರಿಯ ಯಜಮಾನರು

ಅವರ ಬಲಗೈಯಲ್ಲಿ ಕಿರುಬೆರಳು ಇರಲಿಲ್ಲ. ಬುಡದಲ್ಲಿ ಅರ್ಧ ಇಂಚಿನಷ್ಟು ಮೊಂಡು ಉಳಿದಿತ್ತು, ಅದರ ತುದಿ ನುಣ್ಣಗೆ ಹೊಳೆಯುತ್ತಿತ್ತು. ಆದಿತಾಳದಲ್ಲಿ ಮೊದಲ ಪೆಟ್ಟು ಹಾಕಿದ ಮೇಲೆ ಬೆರಳೆಣಿಕೆ ಶುರುವಾಗುವುದೇ ಕಿರುಬೆರಳಿನಿಂದ. ಅವರು ತೊಡೆಯ ಮೇಲೆ ಪೆಟ್ಟು ಹಾಕಿ, ಹೆಬ್ಬೆರಳನ್ನು ತಂದು ಆ ಮೊಂಡಿಗೆ ಮುಟ್ಟಿಸಿ, ಆಮೇಲೆ ಉಂಗುರದ ಬೆರಳು, ನಡುಬೆರಳು ಎಂದು ಎಣಿಸುತ್ತಿದ್ದರು. ಇಲ್ಲದ ಬೆರಳಿಗೆ ಸಲ್ಲಬೇಕಾದ ಎಣಿಕೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ವೇದಿಕೆಯ ಮೇಲೆ ಕೂತ ನನಗೆ ಇದೆಲ್ಲ ಎದ್ದು ಕಾಣುತ್ತಿತ್ತು, ಯಾಕೆಂದರೆ ನನ್ನೆದುರಿಗೆ ನೋಡುವುದಕ್ಕೆ ಬೇರೆ ಏನೂ ಇರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಜಯನಗರದ ನಮ್ಮ ಬ್ಲಾಕಿನ ಪಾರ್ಕಿನಲ್ಲಿ ಪ್ರತಿ ಬೇಸಿಗೆ ಹದಿನೈದು ದಿನ ಸಂಗೀತ ಕಚೇರಿಗಳಾಗುತ್ತಿದ್ದವು. ನಿವಾಸಿಗಳ ಸಂಘದವರು ಹೊಂಗೆ ಮರಗಳ ನಡುವೆ ತೆಂಗಿನ ಗರಿಯ ಚಪ್ಪರ ಹಾಕಿಸುತ್ತಿದ್ದರು. ಜಮಖಾನ ಹಾಸಿ, ಹಿಂದೆ ಎರಡು ಸಾಲು ಕಬ್ಬಿಣದ ಕುರ್ಚಿ ಇಟ್ಟು, ಮೂಲೆಯಲ್ಲಿ ಪಾನಕದ ಹಂಡೆ ಕೂರಿಸಿದರೆ ಮುಗಿಯಿತು. ಗೇಟಿನ ಹತ್ತಿರ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಸರ್ವರಿಗೂ ಉಚಿತ ಪ್ರವೇಶ’ ಎಂದು ಬರೆದಿರುತ್ತಿತ್ತು. ಉಚಿತ ಪ್ರವೇಶ ಎಂದರೆ ಬರದೇ ಇರುವುದಕ್ಕೂ ಅಷ್ಟೇ ಸ್ವಾತಂತ್ರ್ಯ ಎನ್ನುವುದನ್ನು ನಾನು ಕಲಿತದ್ದು ಅಲ್ಲಿ. ಆರೂವರೆಗೆ ದೊಡ್ಡ ವಿದ್ವಾಂಸರು ಹಾಡುತ್ತಿದ್ದರು, ಆಗ ಬನಶಂಕರಿ, ವಿಲ್ಸನ್ ಗಾರ್ಡನ್ ಕಡೆಯಿಂದಲೂ ಜನ ಬಂದು ಪಾರ್ಕಿನ ಬೇಲಿಯವರೆಗೆ ನಿಲ್ಲುತ್ತಿದ್ದರು. ಅದಕ್ಕೆ ಮೊದಲು, ನಾಲ್ಕೂವರೆಯ ಉರಿಬಿಸಿಲಿನಲ್ಲಿ, ನನ್ನಂಥ ಕಲಿಯುವವರಿಗೆ ಒಂದು ಗಂಟೆ ಬಿಟ್ಟುಕೊಡುತ್ತಿದ್ದರು. ಆ ಹೊತ್ತಿಗೆ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿರುತ್ತಿತ್ತು.

ಯಜಮಾನರು ಮಾತ್ರ ನಾಲ್ಕು ಗಂಟೆಗೇ ಹಾಜರು. ಅರ್ಧ ತೋಳಿನ ಬಿಳಿ ಅಂಗಿ, ಪಂಚೆ, ಕೈಯಲ್ಲಿ ಒಂದು ಕೊಡೆ. ಖಾಲಿ ಜಮಖಾನದ ಮೇಲೆ ತೀರ ಮುಂದೆ, ಹಾಡುವವರ ನೇರಕ್ಕೆ, ತಮ್ಮ ಟವಲು ಹಾಸಿ ಜಾಗ ಹಿಡಿಯುತ್ತಿದ್ದರು, ಯಾರೋ ಬಂದು ಕಿತ್ತುಕೊಂಡುಬಿಡುತ್ತಾರೆ ಎನ್ನುವ ಹಾಗೆ. ಹಾಡು ಶುರುವಾದ ಮೇಲೆ ಮುಗಿಯುವ ತನಕ ನಮ್ಮಿಂದ ಕಣ್ಣು ಕೀಳುತ್ತಿರಲಿಲ್ಲ. ಒಮ್ಮೆ ನಡುವೆ ಕರೆಂಟು ಹೋಗಿ ಮೈಕು ಸತ್ತಾಗ ಹಿಂದಿದ್ದ ಇಬ್ಬರೂ ಎದ್ದು ಪಾನಕಕ್ಕೆ ಹೋದರು. ಇವರು ಏನೂ ಆಗದವರಂತೆ ತಲೆದೂಗುತ್ತ ಕೂತೇ ಇದ್ದರು. ಎಂಥ ರಸಿಕರು ಎಂದುಕೊಂಡೆ. ಕಚೇರಿ ಮುಗಿದ ಮೇಲೆ ವೇದಿಕೆಯ ಹತ್ತಿರ ಬಂದು, ಹಾಡಿದವರು ಯಾರೇ ಆಗಿರಲಿ, ಒಂದೇ ಮಾತು ಹೇಳುತ್ತಿದ್ದರು: “ಬಾಯ್ತುಂಬ ಹಾಡ್ದೆ ತಾಯಿ.” ಗಂಡುಮಕ್ಕಳಾದರೆ “ಬಾಯ್ತುಂಬ ಹಾಡ್ದೆ ಮಗಾ.” ಆಮೇಲೆ ಆರೂವರೆಯ ಜನ ಬರುವ ಮೊದಲೇ ಟವಲು ಕೊಡವಿ ಎದ್ದು ಹೋಗುತ್ತಿದ್ದರು.

ನಾನು ಮೊದಲ ಸಲ ಅಲ್ಲಿ ಹಾಡಿದಾಗ ನನಗೆ ಹತ್ತೊಂಬತ್ತು. ಸಂಗೀತ ಕಲಿಸಿದ ಅಮ್ಮ ತೀರಿಹೋಗಿ ಒಂದು ವರ್ಷವಾಗಿತ್ತು. ಅಪ್ಪ ಒಳ್ಳೆಯವರು, ಆದರೆ ಅಮ್ಮ ಹೋದ ಮೇಲೆ ಮನೆಯಲ್ಲಿ ಶ್ರುತಿಪೆಟ್ಟಿಗೆಯ ಸದ್ದು ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಹಾಗಾಗಿ ನಾನು ಹಾಡುವುದನ್ನು ಕೂತು ಕೇಳುವವರು ಈ ಜಗತ್ತಿನಲ್ಲಿ ಯಾರೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬರು ಬಂದು ಎದುರಿಗೆ ಕೂತು ನನ್ನನ್ನೇ ನೋಡಿಕೊಂಡು ತಾಳ ಹಾಕಿದರೆ ಹೇಗಿರುತ್ತದೆ ಹೇಳಿ. ವರ್ಷವಿಡೀ ಅಭ್ಯಾಸ ಮಾಡುವಾಗ ಎದುರಿನ ಗೋಡೆಯ ಹತ್ತಿರ ಅವರು ಕೂತಿದ್ದಾರೆ ಎಂದುಕೊಂಡೇ ಹಾಡುತ್ತಿದ್ದೆ.

ನನಗೆ ಮೃದಂಗ ನುಡಿಸುತ್ತಿದ್ದವರು ನಮ್ಮ ಬೀದಿಯವರೇ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. ಅವರು ಒಂದು ಸಲ ಎಚ್ಚರಿಸಿದ್ದರು. “ಆ ಯಜಮಾನ್ರ ಕೈ ನೋಡ್ಬೇಡ ಕಣಮ್ಮ, ಅವ್ರ ತಾಳ ಯಾವಾಗ್ಲೂ ಒಂದು ಕೂದ್ಲೆಳೆ ಹಿಂದೆ. ನಾವ್ಯಾರೂ ಆ ಕಡೆ ನೋಡೋದೇ ಇಲ್ಲ.” ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಸಂಘದ ಕಾರ್ಯದರ್ಶಿಗಳು, ಆರೂವರೆಗೆ ಯಾರು ಹಾಡಬೇಕೆಂದು ತೀರ್ಮಾನ ಮಾಡುತ್ತಿದ್ದ ಒಬ್ಬ ಹಿರಿಯ ವಿದ್ವಾಂಸರನ್ನು, ನನ್ನ ಹಾಡು ಕೇಳಲೆಂದೇ ನಾಲ್ಕೂವರೆಗೆ ಕರೆದುಕೊಂಡು ಬಂದರು. “ಚೆನ್ನಾಗಿ ಹಾಡ್ಬಿಡು, ಮುಂದಿನ್ವರ್ಷ ಸಾಯಂಕಾಲದ ಕಚೇರಿ ನಿಂದೇ,” ಎಂದು ಕಾರ್ಯದರ್ಶಿಗಳು ಕಿವಿಯಲ್ಲಿ ಹೇಳಿ ಹೋದರು. ಹೇಳದಿದ್ದರೆ ಚೆನ್ನಾಗಿತ್ತು. ದೊಡ್ಡ ಕೃತಿ, ನಿಧಾನದ ಗತಿ. ಅನುಪಲ್ಲವಿಯಲ್ಲಿ ಒಂದು ಕಡೆ ನನಗೆ ಲೆಕ್ಕ ತಪ್ಪಿತು. ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಮುಳುಗುವವಳು ಸಿಕ್ಕಿದ್ದನ್ನು ಹಿಡಿದ ಹಾಗೆ ಎದುರಿಗಿದ್ದ ಅವರ ಕೈಯನ್ನು ಹಿಡಿದೆ, ಅಂದರೆ ಕಣ್ಣಿನಿಂದ. ಅವರ ಪೆಟ್ಟು ಬಿದ್ದಾಗ ನನ್ನ ಪೆಟ್ಟು, ಅವರ ಬೆರಳು ಎಣಿಸಿದಾಗ ನನ್ನ ಬೆರಳು. ಎರಡು ಆವರ್ತ ಕಳೆಯುವಷ್ಟರಲ್ಲಿ ಹಾಡಿನ ಗತಿ ಇಳಿಯತೊಡಗಿತು. ಅವರ ಕೈ ನಿಧಾನವಾಯಿತು, ನನ್ನದು ಇನ್ನೂ ನಿಧಾನವಾಯಿತು, ಅದನ್ನು ನೋಡಿ ಅವರದು ಮತ್ತೂ ನಿಧಾನ. ಮೃದಂಗದವರು ಹಲ್ಲು ಕಚ್ಚಿಕೊಂಡು ಎಳೆದರು, ತಳ್ಳಿದರು, ಕೊನೆಗೆ ಒಂದು ಪೆಟ್ಟು ಕೊಟ್ಟು ಕೈಬಿಟ್ಟರು. ಹಾಡು ಅಲ್ಲೇ ನಿಂತಿತು. ವಿದ್ವಾಂಸರು ಪಾನಕದ ಲೋಟ ಕೆಳಗಿಟ್ಟು, ಕಾರ್ಯದರ್ಶಿಗಳ ಜೊತೆ ಬೇರೇನೋ ಮಾತಾಡುತ್ತ ಗೇಟಿನ ಕಡೆ ನಡೆದರು.

ನನ್ನ ನಾಲಿಗೆ ಆಗಲೂ ಉದ್ದ, ಈಗಲೂ ಉದ್ದ. ವೇದಿಕೆಯಿಂದ ಇಳಿಯುವಷ್ಟರಲ್ಲಿ ಅವರು ಎಂದಿನಂತೆ ನಗುತ್ತ ಬಂದು, “ಬಾಯ್ತುಂಬ ಹಾಡ್ದೆ ತಾಯಿ,” ಎಂದರು. ಅಣಕಿಸುತ್ತಿದ್ದಾರೆ ಅನ್ನಿಸಿ ಮೈಯೆಲ್ಲ ಉರಿದುಹೋಯಿತು.

“ಏನ್ ಬಾಯ್ತುಂಬ? ನಿಮ್ ಕೈ ನೋಡಿ ನನ್ ಕಚೇರಿ ಹಾಳಾಯ್ತು! ತಾಳ ಗೊತ್ತಿಲ್ದೇ ಇದ್ಮೇಲೆ ಯಾಕ್ರೀ ಮುಂದೆ ಕೂತ್ಕೊಂಡು ಕೈ ಆಡಿಸ್ತೀರಾ?” ಅಷ್ಟಕ್ಕೇ ಬಿಡದೆ ಅವರು ತಾಳ ಹಾಕುವುದನ್ನು ಹಾಗೆಯೇ ಮಾಡಿ ತೋರಿಸಿದೆ, ಕಿರುಬೆರಳು ಮಡಿಸಿಕೊಂಡು.

ಅವರು ನನ್ನ ಬಾಯಿ ನೋಡಿದರು, ಆಮೇಲೆ ಕೈ ನೋಡಿದರು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದು ಆಮೇಲೆ ಹೋಯಿತು. ಟವಲು ಎತ್ತಿಕೊಂಡು ಬಲಗೈಗೆ ಸುತ್ತಿಕೊಂಡು ಹೊರಟುಬಿಟ್ಟರು.

ಪಾನಕ, ಕೋಸಂಬರಿ ಹಂಚುತ್ತಿದ್ದ ಹೆಂಗಸು ಇದನ್ನೆಲ್ಲ ನೋಡುತ್ತಿದ್ದರು. ಯಜಮಾನರು ಬಾಡಿಗೆಗಿದ್ದದ್ದು ಅವರ ಮನೆಯ ಹಿಂದಿನ ಔಟ್‌ಹೌಸಿನ ಒಂದೇ ಕೋಣೆಯಲ್ಲಿ. ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

“ಏನೇ ಹಾಗಂದ್ಬಿಟ್ಟೆ? ಅವ್ರಿಗೆ ಕಿವಿ ಕೇಳ್ಸಲ್ಲ ಕಣೇ. ಡಬ್ಬಿ ಕಾರ್ಖಾನೇಲಿ ತಗಡು ಒತ್ತೋ ಮಿಷಿನ್ ಹತ್ರ ಇಪ್ಪತ್ತೈದು ವರ್ಷ ನಿಂತಿದ್ದು. ಬೆರಳೊಂದೇ ಹೋಗಿದ್ದು ಅಂದ್ಕೊಂಡಿದ್ಯಾ? ನಿಂಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅವರ ಜೊತೆ ಎರಡು ಮಾತಾಡಿದವರೇ ಇರಲಿಲ್ಲ. ಹಾಗಿದ್ದರೆ ಅವರು ಇಷ್ಟು ವರ್ಷ ತಾಳ ಹಾಕುತ್ತಿದ್ದದ್ದು ಹಾಡುವವರ ಕೈ ನೋಡಿಕೊಂಡು. ನಾನು ಅವರ ಕೈ ನೋಡುತ್ತಿದ್ದೆ, ಅವರು ನನ್ನ ಕೈ ನೋಡುತ್ತಿದ್ದರು. ಇಬ್ಬರು ದಾರಿ ತಪ್ಪಿದವರು ಒಬ್ಬರ ಹಿಂದೆ ಒಬ್ಬರು ನಡೆದ ಹಾಗಾಗಿತ್ತು.

“ಮತ್ತೆ ಯಾಕೆ ಬರ್ತಾರೆ ಆಂಟಿ?” ಎಂದೆ.

“ನಾನೂ ಒಂದಿನ ಸನ್ನೆ ಮಾಡಿ ಕೇಳ್ದೆ. ಚಿಕ್ಕಂದಿನಲ್ಲಿ ಊರಲ್ಲಿ ಭಜನೆ ಗುಂಪಲ್ಲಿ ತಾಳ ಹಾಕ್ತಿದ್ರಂತೆ. ‘ಹೆಂಡ್ತಿ ಹೋದ್ಮೇಲೆ ನನ್ ಕಡೆ ಮುಖ ಮಾಡ್ಕೊಂಡು ಬಾಯ್ಬಿಡೋರು ಯಾರವ್ರೆ ಅಮ್ಮಾರೇ, ಅಲ್ಲಾದ್ರೆ ಒಂದು ಗಂಟೆ ಸಿಗ್ತಾರೆ’ ಅಂದ್ರು.”

ಮಾರನೆಯ ದಿನ ಅವರು ಬಂದರು, ಆದರೆ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಮುಂದೆ ಬರೀ ಜಮಖಾನ. ಅವತ್ತು ಹಾಡುತ್ತಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡೇ ಹಾಡಿ ಮುಗಿಸಿದಳು. ನಾನು ಅವರ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವರಿಗೆ ತಿಳಿಯಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ಕತ್ತಿನ ನರ ಉಬ್ಬುವ ಹಾಗೆ ಕೂಗಿದೆ. ಪಾರ್ಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಿವುಡರ ಮುಂದೆ ಕ್ಷಮೆ ಕೇಳಲು ಕೂಗಿದರೂ ಬೈಯಲು ಕೂಗಿದರೂ ಮುಖ ಒಂದೇ ರೀತಿ ಕಾಣುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಅವರು ಕುರ್ಚಿಯಿಂದ ಎದ್ದು ಒಂದು ಹೆಜ್ಜೆ ಹಿಂದೆ ಸರಿದು, ಕೈಮುಗಿದು, “ಇನ್ಮೇಲೆ ಆಡ್ಸಲ್ಲ ತಾಯಿ, ತಪ್ಪಾಯ್ತು,” ಎಂದರು. ನಾನು ಕೇಳಬೇಕಾಗಿದ್ದ ಕ್ಷಮೆಯನ್ನು ಅವರೇ ಕೇಳಿಬಿಟ್ಟರು. ಚೀಟಿಯಲ್ಲಿ ಬರೆದು ಕೊಡೋಣವೆಂದರೆ ಅವರಿಗೆ ಓದಲು ಬರುತ್ತಿರಲಿಲ್ಲ.

ಮುಂದಿನ ವರ್ಷ ಮನೆಯೊಡತಿ ಕೈಹಿಡಿದು ಕರೆತಂದು ಮತ್ತೆ ಮೊದಲ ಸಾಲಿನಲ್ಲಿ ಕೂರಿಸಿದರು. ಕೂತರು, ಆದರೆ ಬಲಗೈ ಟವಲಿನೊಳಗೇ ಇತ್ತು. ನನಗೊಬ್ಬಳಿಗೇ ಅಲ್ಲ, ಯಾರು ಹಾಡಿದರೂ ಅಷ್ಟೇ. ನಾನು ವೇದಿಕೆಯ ಮೇಲಿಂದ ಅವರನ್ನು ನೋಡಿ, ನನ್ನ ತೊಡೆ ತಟ್ಟಿ, ಹಾಕಿ ಹಾಕಿ ಎಂದು ಸನ್ನೆ ಮಾಡುತ್ತಿದ್ದೆ. ಅವರು ನಕ್ಕು ತಲೆಯಾಡಿಸುತ್ತಿದ್ದರು. ಅವರ ಕೈ ಒಂದು ಸಲ ಆ ಟವಲಿನಿಂದ ಹೊರಗೆ ಬಂದರೆ ಸಾಕು ಎನ್ನುವುದು ನನಗೆ ಹರಕೆಯ ಹಾಗಾಗಿಬಿಟ್ಟಿತು. ಹೀಗೆ ಐದಾರು ಬೇಸಿಗೆ ಕಳೆದವು. ಎಂಬತ್ತರ ದಶಕದ ಆರಂಭದಲ್ಲಿ ನನಗೂ ಆರೂವರೆಯ ಕಚೇರಿ ಸಿಕ್ಕಿತು. ಎದುರಿಗೆ ಮುನ್ನೂರು ಜನ, ಎಲ್ಲರ ತೊಡೆಯ ಮೇಲೂ ತಾಳ ಬೀಳುತ್ತಿತ್ತು. ಆ ಗುಂಪಿನಲ್ಲಿ ಅವರು ಎಲ್ಲಿ ಕೂತಿದ್ದರೋ, ಇದ್ದರೋ ಇಲ್ಲವೋ, ನನಗೆ ಕಾಣಿಸಲಿಲ್ಲ. ಅಷ್ಟು ಜನರ ಮುಂದೆ ಹಾಡಿ ಮನೆಗೆ ಹೋಗಿ ಒಬ್ಬಳೇ ಅತ್ತೆ.

ಅದಾದ ಎರಡು ವರ್ಷಕ್ಕೆ ಚಪ್ಪರ ಎದ್ದರೂ ಅವರು ಬರಲಿಲ್ಲ. ವಿಚಾರಿಸಿದರೆ, ಉಬ್ಬಸ ಜಾಸ್ತಿಯಾಗಿ ಮಲಗಿಬಿಟ್ಟಿದ್ದಾರೆ ಎಂದರು ಮನೆಯೊಡತಿ. ಒಂದು ಮಧ್ಯಾಹ್ನ ಹೋದೆ. ಕೋಣೆಯಲ್ಲಿ ಒಂದು ಚಾಪೆ, ಸೀಮೆಎಣ್ಣೆ ಸ್ಟೌವ್, ಗೋಡೆಯ ಮೇಲೆ ಹೆಂಡತಿಯ ಚಿಕ್ಕ ಫೋಟೊ. ನನ್ನನ್ನು ನೋಡಿ ಕಷ್ಟಪಟ್ಟು ಎದ್ದು ಗೋಡೆಗೆ ಒರಗಿ ಕೂತರು.

ನಾನು ಮಾತಾಡಲು ಹೋಗಲಿಲ್ಲ. ಎದುರಿಗೆ ಕೂತು, ಅವರ ಬಲಗೈ ತೆಗೆದುಕೊಂಡು ಅಂಗೈ ಮೇಲೆ ಮಾಡಿ ಇಟ್ಟುಕೊಂಡೆ. ಬಾಯಿ ಅಗಲವಾಗಿ ತೆರೆದು ಒಂದು ದೇವರನಾಮ ಶುರುಮಾಡಿ, ತಾಳವನ್ನು ಅವರ ಅಂಗೈಯ ಮೇಲೆ ಹಾಕತೊಡಗಿದೆ. ಅವರ ಮುಖ ಅರಳಿತು. ಒಂದು ಚರಣ ಮುಗಿಯುವಷ್ಟರಲ್ಲಿ ಅವರ ಎಡಗೈ ತಾನೇ ತಾನಾಗಿ ಚಾಪೆಯ ಮೇಲೆ ತಾಳ ಹಾಕಲು ಶುರುಮಾಡಿತು. ಎಷ್ಟೋ ವರ್ಷದ ಮೇಲೆ! ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. ಇನ್ನೂ ಗಟ್ಟಿಯಾಗಿ ಹಾಡಿದೆ.

ಆಗ ಅವರು ನನ್ನ ಮುಖದಿಂದ ಕಣ್ಣು ತೆಗೆದು ತಮ್ಮ ಕೈಗಳನ್ನು ನೋಡಿಕೊಂಡರು. ಬಲ ಅಂಗೈಗೆ ನನ್ನ ಪೆಟ್ಟು ಮೊದಲು ತಾಕುತ್ತಿತ್ತು, ಎಡಗೈ ಆಮೇಲೆ ಬೀಳುತ್ತಿತ್ತು. ಅವರು ಮತ್ತೊಮ್ಮೆ ಪ್ರಯತ್ನಿಸಿದರು. ಮತ್ತೂ ಒಮ್ಮೆ. ಎಡಗೈ ನಿಂತಿತು.

“ಓಹೋ, ನಾನು ಹಿಂದ್ ಬೀಳ್ತಿದ್ದೆ,” ಎಂದರು. ಎಡಗೈಯನ್ನು ಮಡಿಲಿಗೆ ಎಳೆದುಕೊಂಡು, “ನೀನ್ ಅವತ್ತು ಬೈದಿದ್ದು ಸರಿಯಾಗೇ ಇತ್ತು ತಾಯಿ. ಪಾಪ, ಇಷ್ಟು ವರ್ಷ ಎಷ್ಟು ಮಕ್ಳ ತಾಳ ಕೆಡಿಸ್ಬಿಟ್ನೋ ಏನೋ,” ಎಂದರು.

ಇಲ್ಲ, ಯಾರದೂ ಕೆಡಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನ ತುಟಿಯನ್ನೇ ನೋಡುತ್ತ ಕಾದರು. ಯಾರದೂ ಕೆಡಲಿಲ್ಲ ಯಜಮಾನ್ರೇ, ಯಾಕೆಂದರೆ ನನ್ನನ್ನು ಬಿಟ್ಟು ಯಾರೂ ನಿಮ್ಮ ಕಡೆ ನೋಡುತ್ತಿರಲೇ ಇಲ್ಲ: ನಾನು ಹೇಳಬೇಕಾಗಿದ್ದ ಸತ್ಯ ಅದು. ಜೀವನದಲ್ಲಿ ಮೊದಲ ಸಲ ನನ್ನ ನಾಲಿಗೆ ಹಿಂದೆ ಸರಿಯಿತು. ಬಾಯಿ ಮುಚ್ಚಿಕೊಂಡೆ. ಅವರು ತಲೆದೂಗಿದರು.

ಆ ಮಳೆಗಾಲ ಕಳೆಯುವ ಮೊದಲೇ ಅವರು ತೀರಿಕೊಂಡರು, ಊರ ಮಕ್ಕಳ ತಾಳವನ್ನೆಲ್ಲ ತಾವೇ ಕೆಡಿಸಿದ್ದು ಎಂದುಕೊಂಡೇ. ಆ ಮಕ್ಕಳಲ್ಲಿ ಈಗ ಕೆಲವರು ದೊಡ್ಡ ಹಾಡುಗಾರರಾಗಿದ್ದಾರೆ. ಮೊದಲ ಸಾಲಿನಲ್ಲಿ ಅವರು ಕೂರುತ್ತಿದ್ದದ್ದು ನೆನಪಿದೆಯೇ ಎಂದು ಸಿಕ್ಕಿದವರನ್ನೆಲ್ಲ ಕೇಳಿದ್ದೇನೆ. ಯಾರಿಗೂ ನೆನಪಿಲ್ಲ.