ಅಕ್ಕನ ಮನೆಯ ಮೇಲೆ ಹಾರಿ ಹೋದದ್ದು

ಸವಣೂರ ಖಾರವೆಂಬ ಕುರುಕಲು ತಿಂಡಿಯ ಪೊಟ್ಟಣಕ್ಕೆ ಒಂದು ಕೆಟ್ಟ ಗುಣವಿದೆ, ಮಿತ್ರರೇ: ಎಷ್ಟು ಕಾಗದ ಸುತ್ತಿದರೂ ಎಣ್ಣೆ ಹೊರಬಂದು ಸೀರೆಗೆ ತನ್ನ ಗುರುತು ಒತ್ತಿಯೇ ತೀರುತ್ತದೆ. ಅಂಥದೊಂದು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ಕಡಲ ಮೇಲೆ ಹಾರಿದೆ. ನಾಲ್ಕೇ ಸೀಟಿನ ಪುಟ್ಟ ವಿಮಾನದಲ್ಲಿ ಕರಾವಳಿಯ ಸೊಬಗು ತೋರಿಸುವ ಆ ಸವಾರಿ, ಯಜಮಾನರು ತಮ್ಮ ನಿವೃತ್ತಿಯ ಖುಷಿಗೆ ಕೊಡಿಸಿದ್ದು. ನನಗೋ ಸೊಬಗಿಗಿಂತ ಆ ದಾರಿಯಲ್ಲಿ ಅಕ್ಕನ ಮನೆಯಿದೆ ಎಂಬುದೇ ದೊಡ್ಡದು. ದೋಣಿಯ ಎಂಜಿನ್ ರಿಪೇರಿ ಮಾಡುವ ಭಾವನ ಕೈಹಿಡಿದು, ಬಸ್ಸಿಳಿದು ಹೊಳೆ ದಾಟಿ ತಲುಪಬೇಕಾದ ದಂಡೆಯಲ್ಲಿ ಅವಳು ಬಾಳುತ್ತಿದ್ದಾಳೆ. ಯಾವಾಗ, ಯಾರ್ಯಾರು ಹಾರಿ ಬರುತ್ತೇವೆಂದು ಮೊದಲೇ ಫೋನು ಮಾಡಿ ಹೇಳಿದ್ದೆ. "ಅಂಗಳದಾಗ ಕೆಂಪು ಸೀರಿ ಹಾಸಿರ್ತೇನಿ, ನೋಡವಾ" ಎಂದಿದ್ದಳು.

ಪೈಲಟನ ಪಕ್ಕ ಕುಳಿತ ಗೈಡ್ ಹುರುಪಿನಿಂದ ಹೇಳಿದ: "ನೋಡಿ ಮೇಡಂ, ಮನುಷ್ಯರ ಸುಳಿವೇ ಇಲ್ಲದ ತೀರ! ಇಲ್ಲಿ ಯಾರೂ ಇಲ್ಲ."

ಆಗಲೇ ತೆಂಗಿನ ಮರಗಳ ನಡುವೆ ಕುಂಕುಮದ ಬೊಟ್ಟಿನಷ್ಟು ಕೆಂಪು ಕಂಡಿತು. ನನ್ನ ಅಕ್ಕ!

"ಯಾರೂ ಇಲ್ಲಾಂದ್ರ ಆ ಸೀರಿ ಯಾರದ್ರಿ?" ಎಂದು ಕೂಗಿದೆ.

"ಯಾರೋ ಒಣಗ ಹಾಕಿರ್ಬೇಕು, ಬಿಡಿ" ಎಂದು ನಕ್ಕ.

"ಒಣಗ ಹಾಕೋರು ಮನುಷ್ಯಾರಲ್ಲೇನ್ರಿ?"

"ಸುಮ್ನ ಕುಂದ್ರ" ಎಂದರು ಯಜಮಾನರು. ವಿಮಾನ ವಾಲಿ ತಿರುಗಿತು, ಕೆಂಪು ಮರೆಯಾಯಿತು. ನನಗೆ ಮೈಯೆಲ್ಲ ಉರಿಯಿತು. ಈ ಗೈಡನ ಕಣ್ಣಿಗಿಷ್ಟು ಬೆಂಕಿ ಬೀಳ! ಇಂಥವರು ಮೇಲಿನಿಂದ ನಿರ್ಜನ ಎನ್ನುತ್ತಾರೆ, ಆಮೇಲೆ ಕೆಳಗಿಳಿದು ಹಗ್ಗ ಹಿಡಿದು ಅಳೆಯುತ್ತಾರೆ. ಯಾವುದೋ ಹೋಟೆಲಿನವರು ಆಗಲೇ ಅಕ್ಕನ ಅಂಗಳವನ್ನು ಎರಡು ಸಲ ಅಳೆದು ಹೋಗಿದ್ದರು. ಯಾರೂ ಇಲ್ಲವೆಂದ ಮೇಲೆ ಯಾರನ್ನೂ ಕೇಳಬೇಕಾಗಿಲ್ಲವಲ್ಲ, ಎಷ್ಟು ಸಲೀಸು! ನಮ್ಮ ಹಾನಗಲ್ಲಿನ ಕೆರೆಯನ್ನೂ ಹಿರೇಕೆರೂರಿನ ಹೊಲವನ್ನೂ ಅಷ್ಟೆತ್ತರದಿಂದ ನೋಡಿದರೆ ಅಲ್ಲಿಯೂ ಯಾರೂ ಕಾಣುವುದಿಲ್ಲ. ಕಾಣದಷ್ಟು ಮೇಲೇರಿದ್ದು ಯಾರ ತಪ್ಪು?

ಕೆಳಗಿಳಿದವಳೇ ಊರಿನ ಬಸ್ಸು ಬಿಟ್ಟು ಅಕ್ಕನ ಊರಿನ ಬಸ್ಸು ಹತ್ತಿದೆ. ಯಜಮಾನರು ಗೊಣಗುತ್ತ ಹಿಂದೆ ಬಂದರು. ಹೊಳೆ ದಾಟಿ ಹೋದರೆ ಅಕ್ಕ ಮುಖ ಊದಿಸಿಕೊಂಡು ಜಗಲಿಯ ಮೇಲೆ ಕುಳಿತಿದ್ದಳು. ತವರಿನವರು ಬಾಗಿಲ ಮುಂದೆ ಹಾದರೆ ಒಂದು ತುತ್ತಾದರೂ ಉಣ್ಣದೆ ಹೋಗಬಾರದೆಂಬ ನಮ್ಮ ಕಡೆಯ ರೀತಿಯನ್ನು ಅವಳು ಆಕಾಶಕ್ಕೂ ಹಚ್ಚಿದ್ದಳು.

"ನೆತ್ತಿ ಮ್ಯಾಲ ಹಾದು ಹ್ವಾದಿ, ಇಳದು ಒಳಗ ಬರಾಕ ಏನಾಗಿತ್ತ ಧಾಡಿ? ಅಷ್ಟು ದೊಡ್ಡ ಉಸುಕಿನ ದಂಡಿ ಐತಿ, ಇಳಸಾಕ ಬರ್ತಿರಲಿಲ್ಲೇನು?"

ಒಳಗೆ ರೊಟ್ಟಿ ಬಡಿದಿಟ್ಟು ನಾಲ್ಕು ತಾಟು ಹಾಕಿದ್ದಳು. ಭಾವ ದೋಣಿಯ ಕೆಲಸಕ್ಕೆ ಹೋಗಿದ್ದರು. ನಾಲ್ಕು ಯಾರಿಗೆ ಎಂದೆ.

"ನಿಮಗಿಬ್ಬರಿಗೆ. ಮತ್ತ ಇಮಾನ ಹೊಡಿಯಾಂವಗ, ಅವನ ಬಾಜೂಕ ಕುಂತಾಂವಗ. ಪಾಪ, ಅವರೂ ಹಸದಿರ್ತಾರಲ್ಲ?"

ನಾನು ಪೊಟ್ಟಣ ಬಿಚ್ಚಿ ನಾಲ್ಕೂ ತಾಟಿಗೆ ಖಾರ ಹಾಕಿದೆ.